ಪ್ರಣಾಲಿಗೆ, ಶನಿವಾರದ ಮುನ್ನ

ಪುಸ್ತಕ ಮುನ್ನೂರ ಹನ್ನೆರಡು ಪುಟ.
ಅಷ್ಟೂ ಓದಿಯೇ ಆಟ ನಡೆಸುತ್ತೇನೆ ಎಂದೆಯಂತೆ.
ಬೇಡ ಮಾರಾಯ್ತಿ.
ಆಸ್ಪತ್ರೆಯ ಪಾಳಿ ಮುಗಿಸಿ ಬಂದ ಅಲ್ಬೀನಾಳ ಎದುರು
ನೂರ ನಲವತ್ತನೇ ಪುಟದ ಕೋಷ್ಟಕ ಹುಡುಕುತ್ತ ಕೂತರೆ
ಅವಳು ನಿದ್ದೆ ಹೋಗುತ್ತಾಳೆ,
ಅದರಲ್ಲಿ ಅವಳ ತಪ್ಪಿಲ್ಲ.

ದಾಳ ಹೇಗೆ ಎಸೆಯುವುದು, ಅದನ್ನು ಓದು.
ಸೋತರೆ ಏನಾಗುತ್ತದೆ, ಅದನ್ನು ಎರಡು ಸಲ ಓದು.
ಈ ಹೊಸ ಆಟದಲ್ಲಿ ಸೋತರೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ,
ತೆರೆಯುತ್ತದೆ, ಒಳಗೆ ಯಾರೋ ಎಚ್ಚರಾಗುತ್ತಾರೆ.
ಹಳೆಯ ಆಟದ ಲೆಕ್ಕ ಇಲ್ಲಿಗೆ ತರಬೇಡ.
ಕಾಳಿಯಲ್ಲಿ ದೋಣಿ ನಡೆಸಿದವ ಕಡಲಿಗಿಳಿದ ಮೊದಲ ದಿನ
ಹುಟ್ಟು ಅದೇ, ತೋಳೂ ಅದೇ,
ನೀರು ಮಾತ್ರ ಅವನ ಮಾತು ಕೇಳುವುದಿಲ್ಲ.

ಉಳಿದದ್ದಕ್ಕೆಲ್ಲ ಒಂದು ವಾಕ್ಯ ಬಾಯಿಪಾಠ ಮಾಡಿಕೊ:
'ಈಗ ಹೀಗಿರಲಿ, ಮುಂದಿನ ವಾರ ನೋಡಿ ಹೇಳ್ತೇನೆ.'
ನಗಬೇಡ.
ಇಷ್ಟು ಹೇಳಲು ನನಗೆ ಎರಡು ವರ್ಷ ಬೇಕಾಯಿತು.

ನನ್ನ ಮೊದಲ ಆಟ ಬೈತಖೋಲದಲ್ಲಿ,
ಐಸ್ ಫ್ಯಾಕ್ಟರಿಯ ಮೇಲಿನ ಲೆಕ್ಕದ ಕೋಣೆ.
ಕೆಳಗೆ ಯಂತ್ರ ಗುಡುಗಿದಂತೆಲ್ಲ
ಮೇಜಿನ ಮೇಲೆ ದಾಳ ತಾನೇ ಸರಿಯುತ್ತಿತ್ತು.
ಹದಿನಾಲ್ಕು ದಿನ ಕೂತು ಒಂದು ದ್ವೀಪ ಬರೆದಿದ್ದೆ:
ಕೋಟೆ, ಇಪ್ಪತ್ತೆರಡು ಕೋಣೆ, ಕೋಣೆಗೊಂದು ಶಾಪ,
ರಾಣಿಗೆ ಐದು ತಲೆಮಾರಿನ ವಂಶಾವಳಿ.
ಅವರು ದಡದಲ್ಲೇ ನಿಂತರು.
ದೋಣಿಯವನ ಹತ್ತಿರ ಬಾಡಿಗೆಯ ಚೌಕಾಶಿ.
ಮೂರು ತಾಸು.
ರೋಹಿದಾಸ ದಿನಾ ಬಂದರಿನಲ್ಲಿ ಬಂಗಡೆ ಹರಾಜು ಕೂಗುವವ,
ಅವನಿಗೆ ಮಣಿಯದ ದೋಣಿಯವ ನನ್ನ ಕಾಗದದಲ್ಲಿರಲಿಲ್ಲ.
'ಹೆಸರೇನೋ ನಿಂದು?' ಎಂದ.
ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ರವಾರ. ಸುಕ್ರು ಎಂದೆ.
'ಮಕ್ಕಳೆಷ್ಟು?'
ಇಬ್ಬರು ಎಂದೆ. ಚಿಕ್ಕವಳಿಗೆ ಜ್ವರ ಎಂದೆ,
ಯಾಕೆ ಹಾಗೆಂದೆನೋ.
ಅಲ್ಲಿಗೆ ಚೌಕಾಶಿ ನಿಂತಿತು.
ಅಲ್ಬೀನಾ ಚೀಲ ಬಿಚ್ಚಿದಳು, ಇಲ್ಲದ ಚೀಲ,
ಇಲ್ಲದ ಹುಡುಗಿಗೆ ಇಲ್ಲದ ಗುಳಿಗೆ ಎಣಿಸಿ ಕೊಟ್ಟಳು,
ಊಟದ ನಂತರ, ದಿನಕ್ಕೆ ಎರಡು, ಎಂದಳು.
ನನ್ನ ಕೋಟೆಗೆ ಆ ದಿನ ಯಾರೂ ಹೋಗಲಿಲ್ಲ.
ಇವತ್ತಿಗೂ ಹೋಗಿಲ್ಲ.
ರಾಣಿ ಡ್ರಾಯರಿನಲ್ಲಿದ್ದಾಳೆ, ಐಸಿನ ಬಿಲ್ಲುಗಳ ಕೆಳಗೆ.
ಸುಕ್ರುವಿನ ಮಗಳು ಈಗ ದೋಣಿ ನಡೆಸುತ್ತಾಳೆ.

ನೀನೂ ಕೋಟೆ ಬರೆ, ಬೇಡವೆನ್ನುವುದಿಲ್ಲ.
ಬರೆದುಕೊಂಡಿದ್ದರೆ ಕೈ ಅಷ್ಟು ನಡುಗುವುದಿಲ್ಲ.
ಪೆನ್ಸಿಲಿನಲ್ಲಿ ಬರೆ.

ಇರ್ಫಾನ್ ಮಾತಾಡುವುದಿಲ್ಲ.
ಕೈಗಾದಲ್ಲಿ ರಾತ್ರಿಯಿಡೀ ಮುಳ್ಳು ನೋಡುತ್ತ ಕೂರುವ ಕೆಲಸ.
'ನೀನೇನು ಮಾಡ್ತೀ, ನೀನೇನು ಮಾಡ್ತೀ' ಎಂದು ಹಿಂಸಿಸಬೇಡ.
ಅವನ ಪಾತ್ರದ ಕೈಗೆ ಏನಾದರೂ ಕೊಡು:
ಒಂದು ಕೀಲಿಕೈ, ಒಡೆಯದ ಪತ್ರ, ರೆಕ್ಕೆ ಮುರಿದ ಕಡಲಹಕ್ಕಿ.
ಎಂಟು ಒಂಬತ್ತು ವಾರ ಹೋಗಲಿ.
ಅವನು ಬಾಯಿ ತೆರೆದಾಗ
ಕುರ್ಕುರೆ ಪೊಟ್ಟಣದ ಸದ್ದೂ ಆಗಬಾರದು.

ಒಂದು ಸಲ ನಾನು ಸುಳ್ಳು ಹೇಳಿದೆ.
ರೋಹಿದಾಸನ ಪಾತ್ರ ಸಾಯಬೇಕಿತ್ತು,
ಅಂಗೈ ಅಡ್ಡ ಹಿಡಿದು ಮೂರನ್ನು ಹದಿಮೂರು ಎಂದೆ.
ಅವನು ಬುಟ್ಟಿ ನೋಡಿಯೇ ತೂಕ ಹೇಳುವವ.
ಏನೂ ಅನ್ನಲಿಲ್ಲ.
ಆಮೇಲೆ ಅವನು ನನ್ನ ಯಾವ ರಾಕ್ಷಸನಿಗೂ ಹೆದರಲಿಲ್ಲ.
ನಿನಗೆ ಇಷ್ಟು ಸಾಕು.

ಸದಾಶಿವಗಡದ ಕಡೆಯ ಬಸ್ಸು ಒಂಬತ್ತೂಕಾಲಿಗೆ.
ಆಟ ಎಲ್ಲಿದ್ದರೂ ಒಂಬತ್ತಕ್ಕೆ ನಿಲ್ಲಿಸು.
ಕತ್ತಿ ಎತ್ತಿದ್ದರೆ ಎತ್ತಿಯೇ ಇರಲಿ,
ಸೇತುವೆ ದಾಟುವಷ್ಟು ಹೊತ್ತೂ ಜಗಳಾಡಲಿ,
'ಯಾರನ್ನು ಕೊಲ್ತೀರಿ?' ಎಂದು ಕಂಡಕ್ಟರ್ ಕೇಳಲಿ.

ಹೊಟ್ಟೆ ತೊಳಸುತ್ತದೆ, ಶುಕ್ರವಾರ ರಾತ್ರಿಯಿಂದಲೇ.
ನನಗೆ ಈಗಲೂ ಹಾಗೇ.
ಗಂಜಿ ಕುಡಿ, ಬೇಗ ಬಾ, ಕಿಟಕಿ ತೆರೆದಿಡು.

ದಾಳದ ಡಬ್ಬಿ ಕಪಾಟಿನ ಮೇಲಿದೆ.
ಉಪ್ಪುಗಾಳಿಗೋ, ನಮ್ಮ ಬೆವರಿಗೋ,
ನೀಲಿ ದಾಳದಲ್ಲಿ ಎಂಟು ಅಳಿಸಿ ಹೋಗಿದೆ.
ಖಾಲಿ ಮುಖ ಬಿದ್ದರೆ
ಎಂಟು ಎಂದು ತಿಳಿ.