ಮೂರನೆಯ ದಿನ

ಕುಂಜತ್ತೂರಿನ ಅಂಗನವಾಡಿಗೆ ಬಂದಿದ್ದಾಳೆ
ತಿರುವನಂತಪುರದ ಹುಡುಗಿ, ಫಾರಮು ಹಿಡಿದು.
ಅಕ್ಷರ ಮಲಯಾಳ. ಅವಳು ಓದಿ ಹೇಳುತ್ತಾಳೆ,
ನಾನು ಕನ್ನಡದಲ್ಲಿ ಯೋಚಿಸಿ, ತುಳುವಿನಲ್ಲಿ ತಡವರಿಸಿ
ಹೇಗೋ ಉತ್ತರ ಮುಟ್ಟಿಸುತ್ತೇನೆ.

ಬಂದಾಗ ಮಗುವಿಗೆಷ್ಟು ತಿಂಗಳು? ದಿನಕ್ಕೆಷ್ಟು ಗಂಟೆ?
ಒಬ್ಬರ ಕೈಗೆ ಎಷ್ಟು ಮಕ್ಕಳು?
ಈಗ ಏನಾಗಿದ್ದಾರೆ?
ಕೊನೆಯದಕ್ಕೆ ಕಡ್ಡಿಪೆಟ್ಟಿಗೆಯಷ್ಟು ಜಾಗ.

ಏನಾಗಿದ್ದಾರೆ ಅಂದರೆ,
ಸೆವ್ರಿನ್ ಕಚ್ಚುತ್ತಿದ್ದ. ನನ್ನ ಮೊಣಕೈಯಲ್ಲಿ
ಇನ್ನೂ ಇವೆ ಅವನ ಎರಡು ಹಲ್ಲು.
ಈಗ ಬಂದ್ಯೋಡಿನಲ್ಲಿ ವೆಲ್ಡಿಂಗು. ಯಾರನ್ನೂ ಕಚ್ಚುವುದಿಲ್ಲ,
ಹೆಂಡತಿಯೇ ಹೇಳಿದ್ದು.
ಪುಷ್ಪರಾಜ ನೀರಿಗೆ ನಾಲ್ಕು ಹೆಸರು ಕಲಿತದ್ದು ಇಲ್ಲೇ:
ನೀರ್, ವೆಳ್ಳಂ, ಉದಾಕ್, ಪಾನಿ;
ಯಾರ ಹತ್ತಿರ ಯಾವುದು ಕೇಳಿದರೆ ಬೇಗ ಸಿಗುತ್ತದೆ ಎಂಬುದನ್ನೂ.
ಹತ್ತನೆಯಲ್ಲಿ ಎರಡು ಸಲ ಫೇಲು. ಬರೆದುಕೊಳ್ಳಿ.
ಆದರೆ ಉಪ್ಪಳದ ಮಾರ್ಕೆಟಿನಲ್ಲಿ
ಅವನ ಬಾಯಿ ಮೀರಿ ಬಂಗುಡೆ ಮಾರಿದವರಿಲ್ಲ.
ಇದಕ್ಕೆ ಕಾಲಂ ಇದೆಯೇ?

ನಗುತ್ತಾಳೆ. ಸರಾಸರಿ ಬೇಕು ಟೀಚರೇ, ಅನ್ನುತ್ತಾಳೆ.
ನಾನು ಟೀಚರಲ್ಲ, ಆಯಾ.
ಅದನ್ನೂ ಬರೆದುಕೊಳ್ಳಿ.

ಮಿಸ್ರಿಯಾ.
ಎರಡು ವರ್ಷ ತುಂಬಿರಲಿಲ್ಲ. ನಿಯಮದಲ್ಲಿ ಇಲ್ಲ,
ತಾಯಿಗೆ ಗೇರುಬೀಜದ ಕಾರ್ಖಾನೆ ಇತ್ತು, ತೆಗೆದುಕೊಂಡೆ.
ಆ ತಿಂಗಳು ಟೀಚರಿಗೆ ಟೈಫಾಯ್ಡು. ಇಪ್ಪತ್ತೇಳು ಮಕ್ಕಳು.
ನನ್ನವು ಎರಡೇ ಕೈ, ಒಂದು ಗಂಜಿಯ ಸೌಟಿನಲ್ಲಿ.
ಮೊದಲ ದಿನ ಅತ್ತಳು, ಬಾಗಿಲು ನೋಡಿ.
ಮರುದಿನ ಅತ್ತಳು, ನನ್ನನ್ನು ನೋಡಿ.
ಮೂರನೆಯ ದಿನ ಅಳಲಿಲ್ಲ.
ಎಂಥ ಪಾಪದ ಮಗು, ಅಂದೆವು.
ಸಂಜೆ ತಾಯಿಗೂ ಹೇಳಿದೆ, ಒಳ್ಳೆಯ ಸುದ್ದಿ ಹೇಳುವ ಹಾಗೆ.

ಈಗ ಹೊಸಂಗಡಿಯ ಸೊಸೈಟಿಯಲ್ಲಿ ಗಾಜಿನ ಹಿಂದೆ ಕೂರುತ್ತಾಳೆ.
ನೋಟು ಎರಡು ಸಲ ಎಣಿಸುತ್ತಾಳೆ.
ಕಂಡರೆ ಎದ್ದು ನಿಂತು, 'ಗುಲಾಬಿಯಕ್ಕ, ಹುಷಾರಾ?'
ಹೆರಿಗೆಗೂ ಆಟೋ ಹಿಡಿದು ಒಬ್ಬಳೇ ಹೋದಳಂತೆ,
ಯಾರನ್ನೂ ಕರೆಯದೆ.
ಧೈರ್ಯ, ಅನ್ನುತ್ತಾರೆ ಊರವರು.
ಇರಬಹುದು. ಅಜ್ಜಿಯೂ ಹಾಗೆಯೇ ಇದ್ದವರು.
ಅಥವಾ ಕರೆದು ಪ್ರಯೋಜನವಿಲ್ಲ ಎಂದು
ಒಂದು ಸಣ್ಣ ತಲೆಗೆ ಆ ಚಾಪೆಯ ಮೇಲೆ ಹೊಳೆದದ್ದು.
ನನಗೆ ತಿಳಿಯದು.
ನಿಮ್ಮ ಸಾವಿರ ಫಾರಮು ಕೂಡಿದರೆ ಏನೋ ತಿಳಿದೀತು,
ಅವಳೊಬ್ಬಳದ್ದು ಆಗಲೂ ತಿಳಿಯುವುದಿಲ್ಲ.

ಆಮೇಲೆ ನಾನು ಬದಲಾಯಿಸಿದ್ದು ಇಷ್ಟೇ:
ಸುಮ್ಮನಾದದ್ದನ್ನು ಮೊದಲು ಎತ್ತಿಕೊಳ್ಳುತ್ತೇನೆ.
ಅಳುವವು ಹೇಗೂ ಕೇಳಿಸುತ್ತವೆ.

ಇರಿ,
ಆ ಮೂಲೆಯಲ್ಲಿ ಒಬ್ಬ ಎದ್ದು ಕೂತಿದ್ದಾನೆ,
ಸದ್ದಿಲ್ಲ.
ಪೆನ್ನು ಇಲ್ಲೇ ಇಟ್ಟಿರುತ್ತೇನೆ.