ಜೋಡಿಪಟ

ಸಂಖ್ಯೆ ಇನ್ನೂರ ಹದಿನೇಳು. ಆಕ್ರೋಟ್ ಮರದ ಹಿಡಿ,
ಮೂಗಿನ ಮೇಲೆ ಕೂರುವ ತಗಡಿನ ಗೂಡು, ಅದರಂಚಿಗೆ
ಯಾರ್‍ಯಾರದೋ ಹಣೆಯ ಬೆವರು ಕುಡಿದು ಕಪ್ಪಾದ ಮಖಮಲ್ಲು.
ತಗಡಿನ ಹೊರಮೈಗೆ ಹೂಬಳ್ಳಿ ಕೊರೆದಿದ್ದಾರೆ,
ನೋಡುವವನಿಗಲ್ಲ,
ನೋಡುವವನನ್ನು ನೋಡುತ್ತ ಸರದಿ ಕಾಯುವವರಿಗೆ.

ಇಂಗಳದಾಳಿಗೆ ತಾಮ್ರ ಹುಡುಕಿ ಬಂದ ಅಮೆರಿಕದ ದೊರೆಯೊಬ್ಬ
ಬಿಟ್ಟುಹೋದದ್ದಂತೆ. ಜೊತೆಗೆ
ಮುಚ್ಚಳವಿಲ್ಲದ ಅಚ್ಚುಗಾಜಿನ ಸಕ್ಕರೆ ಬಟ್ಟಲು,
ಹನ್ನೊಂದು ರಟ್ಟು. ಒಂದೊಂದು ರಟ್ಟಿನಲ್ಲೂ
ಅದೇ ಪಟ ಅಕ್ಕಪಕ್ಕ ಎರಡು ಸಲ.

ಕೋಟೆಯ ಬುಡದ ಈ ಉಗ್ರಾಣದಲ್ಲಿ ಕೂತು
ಕಣ್ಣಿಟ್ಟೆ.
ಎರಡು ಕರಗಿ ಒಂದಾಗಿ, ಅಯ್ಯೋ,
ಬಂಡೆ ಎದ್ದು ಬಂತು ಮೂಗಿನ ತನಕ!
ಅದರಾಚೆ ಕಣಿವೆ, ಕಣಿವೆಯಾಚೆ ನೀರು
ಬೀಳುತ್ತ ಬೀಳುತ್ತ ಹಿಂಜಿದ ಅರಳೆಯಾಗಿದೆ.
ಆ ಕಾಲದ ಕ್ಯಾಮೆರಾ ನಿಧಾನ,
ನಿಂತದ್ದಷ್ಟೇ ಅದಕ್ಕೆ ಸಿಕ್ಕುತ್ತಿತ್ತು.
ಬಂಡೆಯ ತುದಿಗೊಂದು ಮಸುಕು.
‘ಸ್ಥಿತಿ’ ಎಂಬ ಕಾಲಮಿನಲ್ಲಿ ಬರೆದೆ:
ಕಲೆ ಇದೆ. ಒರೆಸಿದರೆ ಹೋಗಬಹುದು.

“ಗಾದ್ರಪ್ಪ, ಬನ್ನಿ ಇಲ್ಲಿ, ನಿಮ್ಮ ದುರ್ಗದ ಬಂಡೆಯಂಥದ್ದೇ.”
ಬಂದರು. ಬಗ್ಗಿದರು. ಎದ್ದರು.
“ನಂಗೆ ಎದ್ದು ಬರಲ್ಲ ಮೇಡಂ. ಪಟ ಪಟಾನೇ.”
ಆಗ ನೆನಪಾಗಿ ನಾಲಿಗೆ ಕಚ್ಚಿಕೊಂಡೆ.
ಮೇದೇಹಳ್ಳಿ ಕಡೆಯ ಕ್ವಾರಿಯಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ,
ಉಳಿಯಡಿ ಸಿಡಿದ ಚಕ್ಕೆಗೆ
ಎಡಗಣ್ಣು ಕೊಟ್ಟು ಬಂದವರು.
ಬಂಡೆ ಅವರಿಗೆ ಒಮ್ಮೆ ಎದ್ದು ಬಂದಿತ್ತು.
ಸಾಕಾಗಿತ್ತು.

ಯಂತ್ರ ಪಕ್ಕಕ್ಕಿಟ್ಟು ರಟ್ಟನ್ನಷ್ಟೇ ಬಿಡಿಸಿ
ಕಿಟಕಿಯ ಬಿಸಿಲಿಗೆ ಹಿಡಿದರು,
ಮೊರದ ಜೋಳದಲ್ಲಿ ಹರಳು ಹುಡುಕುವ ಹಾಗೆ. ಬಹಳ ಹೊತ್ತು.
“ಎರಡೂ ಒಂದೇ ಅಲ್ಲ ಕಣ್ರೀ.
ಇಲ್ಲೊಬ್ಬ ಟೋಪಿಯವ ನಿಂತಾನೆ ನೋಡ್ರಿ,
ಬಂಡೆ ಎಷ್ಟು ದೊಡ್ಡದು ಅಂತ ತೋರ್ಸಾಕೆ
ಅಳತೆಕೋಲು ನೆಟ್ಟಂಗೆ ನೆಟ್ಟಾರೆ ಅವನ್ನ.
ಈ ಪಟದಾಗೆ ಬಲಗಾಲು ಮುಂದೈತೆ.
ಇದ್ರಾಗೆ ಹಿಂದಕ್ಕೆ ತಗಂಡಾನೆ.
ಜೋಮು ಹಿಡಿದಿತ್ತೇನೋ, ಪಾಪ.”

ಒಂದೇ ಕ್ಯಾಮೆರಾ, ಎರಡು ಗಾಜಿನ ಫಲಕ.
ಒಂದನ್ನು ತೆಗೆದು ಇನ್ನೊಂದು ತೂರಿಸುವ ನಡುವೆ
ಅವನು ಕಾಲು ಬದಲಿಸಿದ.
ಅಷ್ಟೇ.
ಅಲ್ಲಿಂದೀಚೆಗೆ ಎರಡು ಕಣ್ಣಿನ ನಾವೆಲ್ಲ
ಎರಡನ್ನು ಒಂದಾಗಿಸಿಕೊಳ್ಳುವ ಸುಖದಲ್ಲಿ
ಅವನನ್ನು ಮಸುಕು ಮಾಡಿದೆವು,
ನಾನಂತೂ ಒರೆಸಲು ಹೊರಟಿದ್ದೆ.

ರಬ್ಬರು ಹುಡುಕಿದೆ; ಬರೆದದ್ದು ಇಂಕಿನಲ್ಲಿ.
‘ಕಲೆ’ಗೆ ಅಡ್ಡಗೆರೆ ಎಳೆದು ನೆತ್ತಿಯ ಮೇಲೆ ಇರುಕಿಸಿದೆ:
ಒಬ್ಬ ಮನುಷ್ಯ. ಎರಡು ಸಲ.
ಹೆಸರು ಎಂಬಲ್ಲಿ ಏನು ಬರೆಯಲಿ ಎಂದು
ಪೆನ್ನು ಹಿಡಿದು ಕೂತಿದ್ದಾಗ

ಗಾದ್ರಪ್ಪ ಆಗಲೇ ಕಿಟಕಿಯ ಹತ್ತಿರ,
ಸರಳಿನೊಳಗೆ ಕೈ ತೂರಿಸಿ
ಗಾಜಿನ ಬಟ್ಟಲಿಗೆ ಹೊಂಚುತ್ತಿದ್ದ ಮುಸಿಯನನ್ನು ಗದರುತ್ತಿದ್ದರು:
“ಹೋಗಲೇ, ಸಕ್ಕರೆ ಇಲ್ಲ ಅದ್ರಾಗೆ.
ಯಾವತ್ತೋ ಖಾಲಿ ಆಗೈತೆ.”