ಫ್ಯಾಟು ಮೂರು ಪಾಯಿಂಟ್ ಎಂಟು

ಬೆಳಗಿನ ಆರಕ್ಕೆ ಡೈರಿ ಕಟ್ಟೆಯ ಮೇಲೆ
ನನ್ನ ಹೆಸರು ನೂರಾ ಹದಿನೇಳು.
ಕ್ಯಾನು ಬಗ್ಗಿಸುತ್ತೇನೆ, ಬಟ್ಟಲು ತುಂಬುತ್ತದೆ,
ಕೆಂಪು ಅಂಕಿಗಳು ಓಡಿ ಓಡಿ ಸುಸ್ತಾಗಿ ನಿಲ್ಲುತ್ತವೆ.
ಒಳಗಿಂದ ಯಾರೋ ಪಟ್ಟಣದ ಹೆಂಗಸು
ತಲೆ ಬಾಚಿ ಹೂ ಮುಡಿದು ಕೂತವಳ ಹಾಗೆ ಹೇಳುತ್ತಾಳೆ:
ನಾಲ್ಕು ಲೀಟರ್. ಫ್ಯಾಟು ಮೂರು ಪಾಯಿಂಟ್ ಎಂಟು.
ಧನ್ಯವಾದಗಳು.

ಮೊದಲ ದಿನ ನಮ್ಮತ್ತೆ ಹಿಂದೆ ತಿರುಗಿ ನೋಡಿದ್ದಳು,
ಯಾರಿಗೆ ಹೇಳ್ತು ಅದು ಅಂತ.
ಹಿಂದೆ ಇದ್ದದ್ದು ಬೋರಲಿಂಗನ ಸೈಕಲ್ಲು, ಒಂದು ನಾಯಿ.
ಆ ಕಟ್ಟೆಯ ಮೇಲೆ ನಮ್ಮ ಕೇರಿಯವರಿಗೆ
ಬಾ ಎಂದದ್ದುಂಟು, ಹೋಗು ಎಂದದ್ದುಂಟು,
ದೂರ ನಿಲ್ಲು ಎಂದದ್ದುಂಟು.
ಇದೊಂದು ಮಾತು ಹೊಸದು.

ಅದಕ್ಕೂ ಮುಂಚೆ ಕಾರ್ಯದರ್ಶಿ ಜವರಪ್ಪನ ಕಾಲ.
ಗಾಜಿನ ಕಡ್ಡಿ ಹಾಲಲ್ಲಿ ಮುಳುಗಿ ಏಳುತ್ತಿತ್ತು,
ಏಳುವಾಗ ಅವನ ಕಣ್ಣು ಕಡ್ಡಿಯ ಮೇಲಲ್ಲ, ನಮ್ಮ ಮೇಲೆ.
"ಡಿಗ್ರಿ ಇಲ್ಲ ಕಣಮ್ಮಿ, ಯಾವ ಬಾವಿ ನೀರು?"
ಅವನ ನಾದಿನಿಯ ಹಾಲು ಮಾತ್ರ
ನಾಲೆ ನಿಂತ ತಿಂಗಳಲ್ಲೂ ಕೆನೆ ಕಟ್ಟುತ್ತಿತ್ತು.
ಮಿಷನ್ನು ಬಂದ ವಾರ
ನಮ್ಮ ಕೆಂದಿಗೆ ನಾಲ್ಕು ಪಾಯಿಂಟ್ ಒಂದು,
ನಾದಿನಿಗೆ ಎರಡು ಪಾಯಿಂಟ್ ಒಂಬತ್ತು.
ಸಾಲು ಸುಮ್ಮನಾಯಿತು.
ಒಬ್ಬರೂ ನಗಲಿಲ್ಲ. ಮನೆಗೆ ಬಂದು
ಕದ ಹಾಕಿಕೊಂಡು ಅತ್ತೆ, ನಾನು
ಒಲೆ ಆರುವ ತನಕ ನಕ್ಕೆವು.

ಹಾಗೆ ನೋಡಿದರೆ ಮಿಷನ್ನುಗಳ ಮೇಲೆ ನನಗೆ ಮುನಿಸಿಲ್ಲ.
ನನ್ನ ಗಂಡನದೂ ಒಂದಿದೆ, ಪಂಪಿನ ಮನೆಯಲ್ಲಿ.
ರಾತ್ರಿ ಮೂರರ ಕರೆಂಟಿಗೆ ಕಂಬಳಿ ಒಳಗಿಂದಲೇ
ಒಂದು ರಿಂಗು ಕೊಟ್ಟರೆ ಮೋಟಾರು ಏಳುತ್ತದೆ,
ಬ್ಯಾಟರಿ ಹಿಡಿದು ಹಾವಿರುವ ಬದು ತುಳಿಯುವಂತಿಲ್ಲ.
ಹೋದ ವರ್ಷ ಪೈಪು ಬಿಚ್ಚಿಕೊಂಡದ್ದು ಅದಕ್ಕೆ ತಿಳಿಯಲಿಲ್ಲ;
ಬೆಳಕು ಹರಿಯುವ ತನಕ ತಿಬ್ಬಯ್ಯನ ಕಬ್ಬಿಗೆ ನೀರು.
ತಿಬ್ಬಯ್ಯ ಈಗಲೂ ಸಿಕ್ಕಾಗ ಕೈ ಮುಗಿಯುತ್ತಾನೆ.

ಮಾಘದಲ್ಲಿ ಕೆಂದಿಗೆ ಕೆಚ್ಚಲು ಬಾವು ಬಂತು.
ಮದ್ದು ಮುಗಿದು, ಡಾಕ್ಟರು ಹೂಂ ಅಂದು,
ಎಂಟು ದಿನದ ಮೇಲೆ ಮೊದಲ ಕ್ಯಾನು ಹೊತ್ತು ಬಂದೆ.
ಅಂಕಿಗಳು ಓಡಿದವು, ನಿಂತವು, ಕೀ ಅಂದವು.
ಹಾಲು ಸ್ವೀಕಾರವಿಲ್ಲ, ಎಂದಳು ಒಳಗಿನವಳು.
ಧನ್ಯವಾದಗಳು.
ಅದೇ ದನಿ, ಅದೇ ಹೂ ಮುಡಿದ ದನಿ.

ನೀರು ಒಂದು ಹನಿ ಬಿದ್ದಿಲ್ಲ, ಹಸು ನಿತ್ರಾಣ,
ಇನ್ನೆರಡು ದಿನಕ್ಕೆ ಸರಿಹೋಗ್ತದೆ, ಎಂದೆ.
ಯಾರಿಗೆ ಎಂದೆ?
ಜವರಪ್ಪ ಪಕ್ಕದಲ್ಲಿ ಕೂತು ಚೀಟಿ ಹರಿಯುತ್ತಿದ್ದ.
ಅವನಿಗೀಗ ಅಷ್ಟೇ ಕೆಲಸ.
"ನನ್ ಕೈಲಿಲ್ಲ ಕಣಮ್ಮಿ."
ನಿಜವನ್ನೇ ಹೇಳಿದ.
ನಿಜ ಹೇಳುವಾಗ ಅವನ ಮುಖ ಬಡವಾಗಿತ್ತು.

ಒಂದು ಮಾತು, ಕೇರಿಯಲ್ಲಿ ಆಡಿದರೆ ಬೈಯುತ್ತಾರೆ:
ಮಗಳ ಹತ್ತನೇ ಕ್ಲಾಸಿನ ಫೀಜು ಕಟ್ಟುವ ವಾರ
ಇದೇ ಜವರಪ್ಪ ನಾಲ್ಕು ಲೀಟರನ್ನು ಐದು ಅಂತ ಬರೆದಿದ್ದ,
ತಲೆ ಎತ್ತದೆ, ಏಳೂ ದಿನ.
ಕದಿಯುತ್ತಿದ್ದ ಕೈಗೆ ಕೊಡುವುದೂ ಗೊತ್ತಿತ್ತು.
ಇದಕ್ಕೆ ಎರಡೂ ಗೊತ್ತಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ
ಕರೆಂಟು ಹೋಗಿ, ಯುಪಿಎಸ್ಸೂ ಸತ್ತು,
ಅವನು ಬೀರು ತೆಗೆದು ಆ ಗಾಜಿನ ಕಡ್ಡಿ ಹೊರಗೆ ತಂದ,
ಪಂಚೆಯ ಚುಂಗಿನಲ್ಲಿ ಧೂಳೊರೆಸಿದ.
ಸಾಲು ಅಲುಗಲಿಲ್ಲ.
ಕಾಯ್ತೀವಿ ಬುಡಣ್ಣ, ಎಂದೆ ನಾನು.
ಕಾಯ್ತೀವಿ, ಎಂದಳು ಅವನ ನಾದಿನಿಯೂ.
ಮಂಡ್ಯದ ಟ್ಯಾಂಕರು ಹಾರನ್ನು ಹೊಡೆದು ಹೊಡೆದು
ಕೆರಗೋಡಿನ ಕಡೆ ಹೊರಟುಹೋಯಿತು.
ಬಿಸಿಲು ಒಂದೊಂದೇ ಕ್ಯಾನಿನ ಮುಚ್ಚಳ ಮುಟ್ಟುತ್ತ ಬಂತು.
ಕಡ್ಡಿ ಹಿಡಿದೇ ಕೂತಿದ್ದ ಜವರಪ್ಪ
ಒಂದು ಸಲ ನನ್ನನ್ನು ನೋಡಿದ.
ನಾನು ನೋಡಿದ್ದು ಮಿಷನ್ನಿನ ಕಪ್ಪು ಗಾಜನ್ನು.
ಅದರಲ್ಲಿ ಇಬ್ಬರೂ ಸಣ್ಣಗೆ ಕಾಣುತ್ತಿದ್ದೆವು.

ಮನೆಗೆ ತಂದು ಕಾಸಿದರೆ ಹಾಲು ಒಡೆಯಿತು.
ಅತ್ತೆ ಏನೂ ಅನ್ನದೆ ಒಂದು ಅಚ್ಚು ಬೆಲ್ಲ ಜಜ್ಜಿ ಹಾಕಿದಳು.
ಆವತ್ತು ಈ ಕೇರಿ ಆ ಕೇರಿ ಎನ್ನದೆ
ಊರಲ್ಲೆಲ್ಲ ಸಿಹಿ.